ಮೊದಲ ವಿಮಾನ ಯಾವುದಿರಬೇಕು?

ಕೂಕಟ್‌ಪಲ್ಲಿಯ ಬಾಲಕರಿಗೆ ವಿಮಾನವು ಅಪರಿಚಿತ ವಸ್ತುವಲ್ಲ. ಆಗ್ನೇಯಕ್ಕೆ ಬೇಗಂಪೇಟೆ, ಉತ್ತರಕ್ಕೆ ದುಂಡಿಗಲ್, ಈಶಾನ್ಯಕ್ಕೆ ಹಕೀಂಪೇಟೆ, ಹೀಗೆ ಮೂರು ವಿಮಾನನೆಲೆಗಳ ನಡುವೆ ನಮ್ಮ ಬಡಾವಣೆಯಿದೆ. ಬೇಗಂಪೇಟೆಯ ಪ್ರಯಾಣಿಕ ವಿಮಾನಗಳು ೨೦೦೮ರಲ್ಲಿ ಶಂಷಾಬಾದಿಗೆ ತೆರಳಿದರೂ ಆಕಾಶದ ಸದ್ದು ಅಡಗಿಲ್ಲ. ತಲೆಯೆತ್ತಿ ನೋಡಿದ ಹುಡುಗನಿಗೆ ತಾನೂ ಒಂದನ್ನು ಹಾರಿಸಬೇಕೆಂಬ ಆಸೆ ಹುಟ್ಟುವುದು ಸಹಜ. ರೇಡಿಯೋ ತರಂಗಗಳಿಂದ ನಡೆಸುವ ಪುಟ್ಟ ವಿಮಾನಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಆಸೆ ಒಳ್ಳೆಯದೇ. ಆದರೆ ಮೊದಲು ಯಾವುದನ್ನು ಕೊಳ್ಳಬೇಕೆಂಬಲ್ಲಿ ನಮ್ಮ ವಿದ್ಯಾರ್ಥಿಗಳು ಎಡವುತ್ತಿರುವರೆಂದು ನನಗೆ ತೋರುತ್ತದೆ. ಅದನ್ನು ಕುರಿತೇ ಈ ನಾಲ್ಕು ಮಾತು.

ನಮ್ಮ ಬೀದಿಯ ಹುಡುಗನೊಬ್ಬನು ಎರಡು ವರ್ಷ ಹಬ್ಬದ ಹಣವನ್ನು ಕೂಡಿಟ್ಟು, ಕಡಮೆಯಾದುದನ್ನು ತಂದೆಯವರಿಂದ ಬೇಡಿ ಪಡೆದು, ಯುದ್ಧವಿಮಾನದ ಆಕಾರದ ಮಾದರಿಯೊಂದನ್ನು ತಂದನು. ಅದು ನೋಡಲು ಬಹು ಸೊಗಸಾಗಿತ್ತು. ಭಾನುವಾರ ಬಯಲಿಗೆ ಒಯ್ದು ಕೈಬಿಟ್ಟೊಡನೆ ಬಾಣದಂತೆ ನುಗ್ಗಿತು. ಅವನು ಬೆದರಿ ಹಿಡಿಯನ್ನು ಪೂರ್ತಿಯಾಗಿ ಹಿಂದಕ್ಕೆಳೆದನು. ಅದು ಮೂಗೆತ್ತಿ, ವೇಗ ಕಳೆದುಕೊಂಡು, ಮಗುಚಿ ನೆಲಕ್ಕೆ ಬಡಿಯಿತು. ಹತ್ತು ಸೆಕೆಂಡುಗಳಲ್ಲಿ ಎರಡು ವರ್ಷಗಳ ಉಳಿತಾಯ ಚೂರಾಯಿತು. “ಇದು ನನ್ನ ಕೈಗೆ ಒಲಿಯುವ ವಿದ್ಯೆಯಲ್ಲ” ಎಂದು ಆತನು ಆ ಮಾತನ್ನೇ ಬಿಟ್ಟನು. ವಿಮಾನದೊಡನೆ ಹುಡುಗನ ಉತ್ಸಾಹವೂ ಮುರಿಯಿತಲ್ಲ, ಅದೇ ನನಗೆ ಹೆಚ್ಚಿನ ನಷ್ಟವಾಗಿ ಕಂಡಿತು. ಅವನ ಕೈಯಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಆಯ್ಕೆಯಲ್ಲಿ.

ಮೊದಲ ವಿಮಾನವನ್ನು ಅಂದದಿಂದ ಅಳೆಯಬಾರದು. ಹಾರಿಸುವವನ ತಪ್ಪನ್ನು ಅದು ಎಷ್ಟರಮಟ್ಟಿಗೆ ಸಹಿಸಿಕೊಳ್ಳುವುದೆಂಬುದರಿಂದ ಅಳೆಯಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ಅಂತಹ ವಿಮಾನದ ಲಕ್ಷಣಗಳೇನು? ಮೊದಲನೆಯದಾಗಿ, ರೆಕ್ಕೆಯು ಒಡಲಿನ ಮೇಲ್ಗಡೆ ಇರಬೇಕು; ಅದರ ತುದಿಗಳು ಬುಡಕ್ಕಿಂತ ತುಸು ಮೇಲಕ್ಕೆ ಬಾಗಿರಬೇಕು. ಇಂತಹ ವಿಮಾನವು ಒಂದು ಬದಿಗೆ ವಾಲಿ ಜಾರತೊಡಗಿದಾಗ ಕೆಳಗಾದ ರೆಕ್ಕೆಗೆ ಗಾಳಿಯ ಆಸರೆ ಹೆಚ್ಚಾಗಿ, ತಾನಾಗಿಯೇ ಸಮಸ್ಥಿತಿಗೆ ಮರಳಲು ಯತ್ನಿಸುವುದು. ಗಾಳಿಪಟಕ್ಕೆ ಬಾಲಂಗೋಚಿ ಮಾಡುವ ಉಪಕಾರವನ್ನು ಇಲ್ಲಿ ರೆಕ್ಕೆಯ ಬಾಗು ಮಾಡುವುದೆನ್ನಬಹುದು.

ಬುದ್ಧಿವಂತನಾದ ವಿದ್ಯಾರ್ಥಿಯು ಇಲ್ಲಿ ಆಕ್ಷೇಪವೆತ್ತಬಹುದು. ಬೆಂಗಳೂರಿನಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾಗಿ ೧೯೫೧ರಲ್ಲಿ ಹಾರಿದ ಎಚ್‌ಟಿ-೨ ತರಬೇತಿ ವಿಮಾನಕ್ಕೆ ರೆಕ್ಕೆ ಕೆಳಗಡೆ ಇತ್ತು. ೨೦೧೩ರಲ್ಲಿ ವಾಯುಸೇನೆಗೆ ಸೇರಿದ ಪಿಲಾಟಸ್ ಪಿಸಿ-೭ ತರಬೇತಿ ವಿಮಾನಕ್ಕೂ ಹಾಗೆಯೇ ಇದೆಯಲ್ಲವೆ? ನಿಜ. ಆದರೆ ಅಲ್ಲಿ ಕಲಿಯುವವನು ವಿಮಾನದ ಒಳಗೆ ಕುಳಿತಿರುತ್ತಾನೆ. ವಾಲಿದುದು ಅವನ ಮೈಗೇ ತಿಳಿಯುತ್ತದೆ. ಗುರುವಿನ ಕೈಯಲ್ಲಿ ಇನ್ನೊಂದು ನಿಯಂತ್ರಣವಿರುತ್ತದೆ. ನಾವು ನೆಲದ ಮೇಲೆ ನಿಂತು ಕಣ್ಣೊಂದನ್ನೇ ನಂಬಿದವರು. ಅದೇ ಬೆಂಗಳೂರಿನ ಕಾರ್ಖಾನೆಯಿಂದ ೧೯೫೮ರಲ್ಲಿ ಹೊರಬಂದು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಬಳಕೆಯಾದ ‘ಪುಷ್ಪಕ’ಕ್ಕೆ ರೆಕ್ಕೆ ಮೇಲ್ಗಡೆಯೇ ಇತ್ತೆಂಬುದನ್ನೂ ನೆನೆಯಬೇಕು. ಇದಕ್ಕಿಂತ ಮುಖ್ಯವಾದ ಪಾಠ ಬೇರೊಂದಿದೆ. ದುಂಡಿಗಲ್ಲಿನ ವಾಯುಸೇನಾ ಅಕಾಡೆಮಿಯಲ್ಲಿ ಯಾರ ಕೈಗೂ ಮೊದಲ ದಿನವೇ ಯುದ್ಧವಿಮಾನವನ್ನು ಕೊಡುವುದಿಲ್ಲ. ಅವರಿಗಿಲ್ಲದ ಆತುರ ನಮಗೇಕೆ?

ಎರಡನೆಯದಾಗಿ, ವಿಮಾನ ಹಗುರವಾಗಿರಬೇಕು. ರೆಕ್ಕೆಯ ಅಳತೆ ಅಷ್ಟೇ ಇದ್ದು ಭಾರ ಇಮ್ಮಡಿಯಾದರೆ, ಬೀಳದಂತೆ ಹಾರಲು ಬೇಕಾದ ಕನಿಷ್ಠ ವೇಗವು ನೂರಕ್ಕೆ ಸುಮಾರು ೪೧ರಷ್ಟು ಹೆಚ್ಚುವುದು. ಆ ವೇಗದಲ್ಲಿ ನೆಲಕ್ಕೆ ಬಡಿದರೆ ಪೆಟ್ಟಿನ ಶಕ್ತಿ ನಾಲ್ಮಡಿಯಾಗುವುದು. ಭೌತಶಾಸ್ತ್ರದ ಪಾಠ ಬಲ್ಲವರು ಲೆಕ್ಕ ಹಾಕಿ ನೋಡಬಹುದು. ನಿಧಾನವಾಗಿ ಹಾರುವ ವಿಮಾನವು ಯೋಚಿಸಲು ಸಮಯ ಕೊಡುವುದು, ಬಿದ್ದರೂ ಉಳಿಯುವುದು. ಆದರೆ ಅಂಗೈಯಗಲದ ಆಟಿಕೆಯೂ ಬೇಡ. ಗಾಳಿ ಅದನ್ನು ತರಗೆಲೆಯಂತೆ ತೂರುವುದು. ರೆಕ್ಕೆಯ ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚಿರುವುದು ಮೇಲು.

ಮೂರನೆಯದಾಗಿ, ಒಡಲು ಫೋಮಿನದಾಗಿರಲಿ. ಬಾಲ್ಸಾ ಮರದ ವಿಮಾನ ಬಲು ಚೆಲುವಾದುದು. ಆದರೆ ಮುರಿದರೆ ವಾರಗಟ್ಟಲೆ ದುರಸ್ತಿ. ಫೋಮಾದರೆ ಅಂಟು ಹಚ್ಚಿ ಮತ್ತೆ ಬಯಲಿಗೆ ಒಯ್ಯಬಹುದು. ಕೊಳ್ಳುವಾಗಲೇ ಬಿಡಿ ಪ್ರೊಪೆಲ್ಲರು, ಬಿಡಿ ರೆಕ್ಕೆ ದೊರೆಯುವುವೇ ಎಂದು ವಿಚಾರಿಸಿರಿ. ದೊರೆಯದಿದ್ದರೆ ಆ ವಿಮಾನವನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಕಲಿಸುವವರು ಜೊತೆಗಿಲ್ಲದಿದ್ದರೆ ಮೋಟಾರಿನ ವೇಗ, ಏರಿಳಿತ, ಬಾಲದ ಚುಕ್ಕಾಣಿ, ಈ ಮೂರೇ ನಿಯಂತ್ರಣಗಳು ಸಾಕು. ರೆಕ್ಕೆಯಂಚಿನ ನಾಲ್ಕನೆಯದು ಕೈ ಪಳಗಿದ ಮೇಲೆ ಬರಲಿ.

“ವಿಮಾನವನ್ನು ತಾನೇ ನೆಟ್ಟಗೆ ನಿಲ್ಲಿಸುವ ವಿದ್ಯುದುಪಕರಣ ಈಗ ಉಂಟಲ್ಲ, ಇಷ್ಟೆಲ್ಲ ಏಕೆ?” ಎನ್ನುವವರಿದ್ದಾರೆ. ಅದು ಮಗುವಿನ ಮೂರು ಗಾಲಿಯ ನಡೆಬಂಡಿಯಿದ್ದಂತೆ. ಹಿಡಿಯಲು ಸಂಕೋಚ ಬೇಡ. ಆದರೆ ಬಿಡುವ ದಿನವೂ ಬರಬೇಕು. ವಿಮಾನವು ನಮ್ಮ ಕಡೆಗೇ ಹಾರಿಬರುವಾಗ ಎಡಬಲಗಳು ತಲೆಕೆಳಗಾಗಿ ಕಾಣುವುವು. ಆಗ ಯಾವ ರೆಕ್ಕೆ ಕೆಳಗಾಗಿದೆಯೋ ಆ ಕಡೆಗೆ ಹಿಡಿಯನ್ನು ತಳ್ಳಬೇಕೆಂಬುದನ್ನು ಕೈಯೇ ಕಲಿಯಬೇಕು. ಕಂಪ್ಯೂಟರಿನ ಪರದೆಯ ಮೇಲೆ ಕೆಲವು ವಾರ ಅಭ್ಯಾಸ ಮಾಡಿದರೆ ಈ ಪಾಠ ಕಾಸಿಲ್ಲದೆ ಬರುವುದು. ರೈಟ್ ಸಹೋದರರು ೧೯೦೩ರ ಡಿಸೆಂಬರ್ ೧೭ರಂದು ೧೨ ಸೆಕೆಂಡು ಹಾರುವುದಕ್ಕೆ ಮುನ್ನ ೧೯೦೦ರಿಂದ ೧೯೦೨ರವರೆಗೆ ಎಂಜಿನ್ನಿಲ್ಲದ ಗ್ಲೈಡರುಗಳಲ್ಲಿ ಅಭ್ಯಾಸ ನಡೆಸಿದ್ದರು.

ಇನ್ನು ಸ್ಥಳದ ಮಾತು. ಕೂಕಟ್‌ಪಲ್ಲಿಯ ಮಾಳಿಗೆಗಳ ಮೇಲಿಂದ ಹಾರಿಸುವುದು ಸರ್ವಥಾ ತಪ್ಪು. ಕೆಳಗೆ ಜನಸಂದಣಿ, ಬದಿಗೆ ವಿದ್ಯುತ್ ತಂತಿ, ಮೇಲೆ ಮೆಟ್ರೋ ಹಾದಿ, ಸಂಕ್ರಾಂತಿಯಲ್ಲಿ ಗಾಳಿಪಟಗಳ ದಾರ! ತಿರುಗುವ ಪ್ರೊಪೆಲ್ಲರು ಬೆರಳನ್ನೂ ಕಣ್ಣನ್ನೂ ಕ್ಷಮಿಸದು. ೨೦೨೧ರ ಡ್ರೋನ್ ನಿಯಮಗಳು ಆಕಾಶವನ್ನು ಹಸುರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಳದಿ, ಕೆಂಪು ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಮೂರು ವಿಮಾನನೆಲೆಗಳ ನಡುವೆ ವಾಸಿಸುವ ನಾವು ಸರಕಾರದ ಆಕಾಶನಕ್ಷೆಯನ್ನು ಹಿರಿಯರೊಡನೆ ಕುಳಿತು ನೋಡಿ, ಊರಾಚೆಯ ತೆರೆದ ಬಯಲನ್ನು ಆರಿಸಿ, ಗಾಳಿ ಶಾಂತವಾಗಿರುವ ಮುಂಜಾನೆ ಹೋಗಬೇಕು. ಲಿಥಿಯಂ ಬ್ಯಾಟರಿಗೆ ವಿದ್ಯುತ್ ತುಂಬಿಸುವಾಗ ಅದನ್ನು ಬಿಟ್ಟು ಏಳಬಾರದು. ಅದು ಬೆಂಕಿ ಹತ್ತಿಕೊಳ್ಳಬಲ್ಲದು.

ಕೊನೆಯದಾಗಿ ಹಣದ ವಿಷಯ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು. ನಾಲ್ವರು ಗೆಳೆಯರು ಕೂಡಿ ಒಂದು ಸರಳ ವಿಮಾನವನ್ನು ಕೊಂಡರೆ ತಂದೆತಾಯಿಗಳ ಹೊರೆ ಕಾಲುಭಾಗಕ್ಕೆ ಇಳಿಯುವುದು. ಒಬ್ಬನು ಹಾರಿಸುವಾಗ ಇನ್ನೊಬ್ಬನು ಸುತ್ತಲಿನವರನ್ನು ಗಮನಿಸುವನು. ಬಿದ್ದರೆ ನಾಲ್ವರೂ ಕುಳಿತು ಅಂಟಿಸುವರು. ನಮ್ಮ ಶಾಲೆಯಲ್ಲಿ ಅಂತಹ ಕೂಟವೊಂದು ಮುಂದಿನ ವರ್ಷವಾದರೂ ಆರಂಭವಾಗಲಿ. ಹಾಗಾದರೆ ಅದರ ಮೊದಲ ಸದಸ್ಯನಾಗಿ ಬಾರೆಂದು ನಮ್ಮ ಬೀದಿಯ ಆ ಹುಡುಗನನ್ನು ನಾನೇ ಹೋಗಿ ಕರೆಯುವೆನು.