ಮೈಲೇಜಿನ ಅಂಕಿ ಯಾವ ಊರಿನ ಹವೆಗೆ ಸೇರಿದ್ದು?

ಬೇಸಿಗೆಯ ಒಂದು ಸಂಜೆ ಜಗತ್ ಬಡಾವಣೆಯ ನಮ್ಮ ಮನೆಗೆ ಅದೇ ಬೀದಿಯ ನಿವೃತ್ತ ಉಪನ್ಯಾಸಕರೊಬ್ಬರು ಬಂದರು. ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದು ಅವರು ಹಿಂದಿನ ನವೆಂಬರಿನಲ್ಲಿ ಹೈಬ್ರಿಡ್ ಕಾರೊಂದನ್ನು ಕೊಂಡಿದ್ದರು. ಈಗ ಅವರ ಕೈಯಲ್ಲಿದ್ದುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬರೆದ ದೂರಿನ ಕರಡು. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಕಡತಗಳಲ್ಲಿ ಕಣ್ಣು ಸವೆಸಿದ ನಾನು ಅದನ್ನೊಮ್ಮೆ ತಿದ್ದಿಕೊಡಬೇಕೆಂಬುದು ಅವರ ಅಪೇಕ್ಷೆ. "ಸಾಹೇಬ್ರ, ಕೊಡೂ ಮುಂದ ಒಂದು ಲೆಕ್ಕ ಹೇಳಿದ್ರು. ಈಗ ಗಾಡಿ ಅದರ ಮುಕ್ಕಾಲು ಪಾಲೂ ಕೊಡ್ಲಾಕತ್ತಿಲ್ಲ. ಇದು ಮೋಸ ಅಲ್ಲೇನ್ರಿ?" ಎಂದು ಕೇಳಿದರು.

ಮೋಸವೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಕಾರಣ, ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ನಾನೇ ಬೇರೊಂದು ಹವೆಯಲ್ಲಿ ಕೇಳಿ ನಗೆಗೀಡಾಗಿದ್ದೆ. ಮಗಳು ಮತ್ತು ಅಳಿಯ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಸಮೀಪದ ಉಪನಗರವೊಂದರಲ್ಲಿ ನೆಲೆಸಿದ್ದಾರೆ. ಅಲ್ಲಿನ ಪಂಪ ಕನ್ನಡ ಕೂಟದ ಬಳಗದಲ್ಲಿ ಮೋಟಾರು ಉದ್ಯಮದ ಇಂಜಿನಿಯರುಗಳಿಗೆ ಬರವಿಲ್ಲ, ಅಳಿಯನೂ ಅವರಲ್ಲೊಬ್ಬ. ಜನವರಿಯಲ್ಲಿ ನಾನು ಅಲ್ಲಿದ್ದಾಗ ಹೊರಗಿನ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಗಿತ್ತು. ಬೇಸಿಗೆಯಲ್ಲಿ ಗ್ಯಾಲನ್‌ಗೆ 50 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 21 ಕಿ.ಮೀ. ತೋರಿಸುತ್ತಿದ್ದ ಅವರ ಹೈಬ್ರಿಡ್ ಕಾರಿನ ಮಾಪಕ ಆಗ 34 ಮೈಲಿಗೆ ಇಳಿದಿತ್ತು. ಗಾಡಿ ಕೆಟ್ಟಿದೆ, ಗ್ಯಾರೇಜಿಗೆ ತೋರಿಸು ಎಂದು ನಾನು ಹೇಳಿದೆ. "ಮಾವ, ಗಾಡಿ ಸರಿಯಾಗೇ ಇದೆ, ಕೆಟ್ಟಿರೋದು ಹವಾ" ಎಂದ ಅಳಿಯ. ಅಂದು ರಾತ್ರಿ ಊಟದ ಮೇಜಿನ ಮೇಲೆ ಅವನು ಕೊಟ್ಟ ವಿವರಣೆ ಅರ್ಥಶಾಸ್ತ್ರ ಓದಿದ ನನಗೆ ಬಹಳ ಪರಿಚಿತವೆನಿಸಿತು.

ಹೈಬ್ರಿಡ್ ಕಾರಿನ ಉಳಿತಾಯದ ಗುಟ್ಟು ಇಂಜಿನ್ನನ್ನು ಆದಷ್ಟು ಹೊತ್ತು ನಿಲ್ಲಿಸಿಡುವುದರಲ್ಲಿದೆ. ಸಿಗ್ನಲ್ಲಿನಲ್ಲಿ ನಿಂತಾಗ, ನಿಧಾನವಾಗಿ ಸಾಗುವಾಗ ಬ್ಯಾಟರಿ ಮತ್ತು ವಿದ್ಯುತ್ ಮೋಟಾರು ಗಾಡಿಯನ್ನು ನಡೆಸುತ್ತವೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿ ಮರಳಿ ಬ್ಯಾಟರಿಗೆ ಸೇರುತ್ತದೆ. ಕೊರೆಯುವ ಚಳಿಯಲ್ಲಿ ಈ ಎರಡೂ ಅನುಕೂಲಗಳಿಗೆ ಪೆಟ್ಟು ಬೀಳುತ್ತದೆ. ತಣ್ಣಗಿರುವ ಬ್ಯಾಟರಿ ಬ್ರೇಕಿನಿಂದ ಬಂದ ವಿದ್ಯುತ್ತನ್ನು ಪೂರ್ತಿ ಸ್ವೀಕರಿಸದು. ಹೊಗೆ ಶುದ್ಧಗೊಳಿಸುವ ಪರಿವರ್ತಕ ಕಾಯದೆ ಕೆಲಸ ಮಾಡದು. ಒಳಗೆ ಕುಳಿತವರಿಗೂ ಬೆಚ್ಚನೆಯ ಗಾಳಿ ಬೇಕು. ಆ ಕಾವಿಗಾಗಿಯೇ, ಗಾಡಿ ನಿಂತಿದ್ದರೂ ಇಂಜಿನ್ ಉರಿಯುತ್ತಿರಬೇಕಾಗುತ್ತದೆ. ಇದರ ಮೇಲೆ ಆಯಿಲ್ ಗಟ್ಟಿಯಾಗುತ್ತದೆ, ಉಷ್ಣಾಂಶ ಐದಾರು ಡಿಗ್ರಿ ಇಳಿದಾಗಲೆಲ್ಲ ಚಕ್ರದ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐನಷ್ಟು ತಗ್ಗುತ್ತದೆ.

ಸಾಧಾರಣ ಪೆಟ್ರೋಲ್ ಕಾರು ಇಂಧನದ ಬಹುಪಾಲನ್ನು ಶಾಖವಾಗಿ ಹಾಳುಮಾಡುತ್ತದೆ. ಚಳಿಗಾಲದಲ್ಲಿ ಆ ಹಾಳಾದ ಶಾಖವೇ ಪುಕ್ಕಟೆಯಾಗಿ ಕೂತವರನ್ನು ಬೆಚ್ಚಗಿಡುತ್ತದೆ. ಹೈಬ್ರಿಡ್ ಮಿತವ್ಯಯಿ; ಪೋಲು ಮಾಡುವುದೇ ಕಡಿಮೆಯಾದ್ದರಿಂದ ಹಂಚಲು ಅದರ ಬಳಿ ಪುಕ್ಕಟೆ ಶಾಖವಿಲ್ಲ. ದುಂದುಗಾರನ ಮನೆಗೆ ಹತ್ತು ಜನ ನೆಂಟರು ಬಂದರೆ ತಿಂಗಳ ಖರ್ಚಿನಲ್ಲಿ ಅದು ಕಾಣುವುದೇ ಇಲ್ಲ. ಲೆಕ್ಕವಿಟ್ಟು ಬಾಳುವವನ ಮನೆಯಲ್ಲಿ ಕೂಡಲೇ ಕಾಣುತ್ತದೆ. ಅಮೆರಿಕದ ಸರ್ಕಾರಿ ಅಂಕಿಅಂಶಗಳು ಹೇಳುವುದೂ ಇದನ್ನೇ. ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್‌ನಿಂದ ಮೈನಸ್ 7ಕ್ಕೆ ಇಳಿದರೆ ನಗರ ಸಂಚಾರದಲ್ಲಿ ಸಾಮಾನ್ಯ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು ಶೇ 15ರಷ್ಟು, ನಾಲ್ಕಾರು ಕಿ.ಮೀ.ಗಳ ಕಿರು ಪ್ರಯಾಣದಲ್ಲಿ ಶೇ 24ರವರೆಗೂ ತಗ್ಗುತ್ತದೆ. ಹೈಬ್ರಿಡ್‌ಗಳಲ್ಲಿ ಈ ಇಳಿತ ಶೇ 30ರಿಂದ 34.

ಈ ಅಂಕಿಗಳನ್ನು ಓದಿದವರು ಹೈಬ್ರಿಡ್ ಚಳಿಗೆ ನಾಲಾಯಕ್ಕು ಎಂದುಕೊಳ್ಳುವ ಅಪಾಯವಿದೆ. ಶೇಕಡಾವಾರು ಲೆಕ್ಕ ಯಾವಾಗಲೂ ಅರ್ಧ ಕಥೆ ಮಾತ್ರ. ನೂರು ಮೈಲಿಗೆ 2 ಗ್ಯಾಲನ್ ಕುಡಿಯುತ್ತಿದ್ದ ಅಳಿಯನ ಕಾರು ಚಳಿಯಲ್ಲಿ 2.94 ಗ್ಯಾಲನ್ ಕುಡಿಯಿತು. ಗ್ಯಾಲನ್‌ಗೆ 30 ಮೈಲಿ ಓಡುವ ಸಾಧಾರಣ ಕಾರು ಶೇ 15 ಕಳೆದುಕೊಂಡರೆ ಅದೇ ದೂರಕ್ಕೆ ಅದಕ್ಕೆ 3.92 ಗ್ಯಾಲನ್ ಬೇಕು. ಹೆಚ್ಚು ಬಿದ್ದವನೇ ಈಗಲೂ ಕಡಿಮೆ ಖರ್ಚಿನವನು. ಮೈಲೇಜಿನ ಈ ಭ್ರಮೆಯ ಬಗ್ಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಲ್ಯಾರಿಕ್ ಮತ್ತು ಸೋಲ್ ಎಂಬ ವಿದ್ವಾಂಸರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಇಂಧನಕ್ಕೆ ಎಷ್ಟು ದೂರ ಎನ್ನುವ ಬದಲು ದೂರಕ್ಕೆ ಎಷ್ಟು ಇಂಧನ ಎಂದು ಲೆಕ್ಕವಿಡಿ ಎಂಬುದು ಅವರ ಸಲಹೆಯಾಗಿತ್ತು.

ಇದೆಲ್ಲ ಹಿಮದ ನಾಡಿನ ಮಾತಾಯಿತು. ಕಲಬುರಗಿಗೆ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಡಿಸೆಂಬರಿನ ಚಳಿ ಶಾಲು ಹೊದ್ದರೆ ತೀರುವಂಥದು. ನಮ್ಮ ಶತ್ರು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ದಾಟುವುದು ವಾಡಿಕೆ. ಅಲ್ಲಿ ಬೆಚ್ಚನೆಯ ಗಾಳಿ ಮಾಡುವ ಕೇಡನ್ನು ಇಲ್ಲಿ ತಣ್ಣನೆಯ ಗಾಳಿ ಮಾಡುತ್ತದೆ. ಹೈಬ್ರಿಡ್‌ನಲ್ಲಿ ಏ.ಸಿ.ಯ ಕಂಪ್ರೆಸರ್ ಓಡುವುದು ವಿದ್ಯುತ್ತಿನಿಂದ. ಸೂಪರ್ ಮಾರ್ಕೆಟ್ ಬಳಿಯ ದಟ್ಟಣೆಯಲ್ಲಿ ಐದು ನಿಮಿಷ ಸಿಕ್ಕಿಕೊಂಡರೆ ಏ.ಸಿ. ಬ್ಯಾಟರಿಯನ್ನು ಹೀರುತ್ತದೆ, ಬ್ಯಾಟರಿ ತುಂಬಿಸಲು ಇಂಜಿನ್ ಏಳುತ್ತದೆ. ನಿಂತಾಗ ಉಳಿಸುವುದೇ ಕಸುಬಾದ ಗಾಡಿ ನಿಂತಾಗಲೇ ಕುಡಿಯತೊಡಗುತ್ತದೆ. ತೀವ್ರ ಬಿಸಿಲಿನಲ್ಲಿ ಏ.ಸಿ. ಬಳಕೆ ಸಾಮಾನ್ಯ ಕಾರಿನ ಮೈಲೇಜನ್ನೇ ಶೇ 25ಕ್ಕೂ ಹೆಚ್ಚು ತಗ್ಗಿಸಬಲ್ಲದು, ಹೈಬ್ರಿಡ್‌ನಲ್ಲಿ ಶೇಕಡಾವಾರು ಪೆಟ್ಟು ಇನ್ನೂ ದೊಡ್ಡದಾಗಬಹುದು ಎಂದು ಅದೇ ಅಮೆರಿಕದ ಸರ್ಕಾರಿ ಮೂಲ ಹೇಳುತ್ತದೆ.

ಉಪನ್ಯಾಸಕರ ದೂರನ್ನು ತಿದ್ದುವ ಮೊದಲು ನಾನು ಅವರ ಬಳಿ ಪೆಟ್ರೋಲ್ ರಸೀದಿಗಳನ್ನು ಕೇಳಿದೆ. ಶಿಸ್ತಿನ ಮನುಷ್ಯ, ಮೊದಲ ದಿನದಿಂದ ಎಲ್ಲವನ್ನೂ ದಾರದಲ್ಲಿ ಪೋಣಿಸಿಟ್ಟಿದ್ದರು, ಪ್ರತಿ ರಸೀದಿಯ ಹಿಂದೆ ಗಾಡಿ ಓಡಿದ ಕಿ.ಮೀ. ಬರೆದಿದ್ದರು. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ ಭಾಗಿಸುವ ಹಳೆಯ ಪದ್ಧತಿಗೆ ಸಮನಾದುದಿಲ್ಲ. ಡ್ಯಾಶ್‌ಬೋರ್ಡಿನ ಅಂಕಿ ಇಂಜಿನ್ನಿಗೆ ಚಿಮ್ಮಿದ ಇಂಧನದ ಅಂದಾಜು. ಅದು ಒಂದಿಷ್ಟು ಉದಾರಿ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಡಿಸೆಂಬರ್-ಜನವರಿಯಲ್ಲಿ ಲೀಟರಿಗೆ ಸುಮಾರು 22 ಕಿ.ಮೀ., ಏಪ್ರಿಲ್-ಮೇನಲ್ಲಿ 17. ಎಥೆನಾಲ್ ಬೆರೆಸಿದ್ದರಿಂದ ಹೀಗಾಯಿತು ಎಂದರು ಅವರು. ಲೀಟರಿಗೆ ಲೀಟರ್ ತೂಗಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುವುದು ನಿಜ. ಆದರೆ ಅವರು ಎರಡೂ ಋತುವಿನಲ್ಲಿ ಹಾಕಿಸಿದ್ದು ಒಂದೇ ಬಂಕಿನ ಒಂದೇ ಮಿಶ್ರಣ. ಋತುವಿನಿಂದ ಋತುವಿಗೆ ಬದಲಾದದ್ದು ಏ.ಸಿ. ಮಾತ್ರ. ಮತ್ತೊಂದು ಸಂಗತಿಯೂ ಹೊರಬಿತ್ತು. ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಒಳಹೋಗಲು ಹಿಂಬದಿ ಸೀಟಿನ ಬಳಿ ಇದ್ದ ಜಾಲರಿಗೆ ಅವರು ಊರಿನಿಂದ ತಂದ ಜೋಳದ ಚೀಲವನ್ನು ಒರಗಿಸಿಟ್ಟಿದ್ದರು!

ರಸೀದಿಗಳಲ್ಲಿ ಒಂದು ಮಾತ್ರ ಬೇರೆಯಾಗಿ ಕಂಡಿತು. ಮೇ ತಿಂಗಳಲ್ಲೇ ಅವರು ಒಂದು ವಾರ ದಿನವೂ ಸುಮಾರು 35 ಕಿ.ಮೀ. ದೂರದ ಕಮಲಾಪುರಕ್ಕೆ ಹೋಗಿಬಂದಿದ್ದರು. ಅಲ್ಲಿ ಬೀಗರ ಮನೆಯ ಕಾರ್ಯ. ಕೆಂಪು ಬಾಳೆಹಣ್ಣಿನ ಆ ಊರಿನ ಹೆದ್ದಾರಿಯಲ್ಲಿ, ಅದೇ ಬಿಸಿಲಿನಲ್ಲಿ, ಅದೇ ಏ.ಸಿ. ಹಾಕಿಕೊಂಡು ಬಂದ ಮೈಲೇಜ್ ನಗರದ್ದಕ್ಕಿಂತ ಚೆನ್ನಾಗಿತ್ತು. ಜಗತ್‌ನಿಂದ ರೈಲು ನಿಲ್ದಾಣಕ್ಕೆ ಹೋಗುವ ಕಿರುದಾರಿಯಲ್ಲಿ ಬಿಸಿಲಿಗೆ ಕಾದ ಒಲೆಯಂತಾಗಿದ್ದ ಗಾಡಿಯನ್ನು ತಂಪು ಮಾಡುವಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ. ಕಮಲಾಪುರದ ದಾರಿಯಲ್ಲಿ ಆ ಮೊದಲ ಖರ್ಚು ಉಳಿದ ಮೂವತ್ತು ಕಿ.ಮೀ.ಗಳಲ್ಲಿ ಹಂಚಿಹೋಗುತ್ತದೆ. ಮಿಷಿಗನ್ನಿನ ಕಿರು ಪ್ರಯಾಣದ ತರ್ಕವೇ ಇದು, ಉಷ್ಣತಾಮಾಪಕವನ್ನು ತಲೆಕೆಳಗು ಹಿಡಿದಂತೆ.

ಇಲ್ಲಿ ಒಂದು ಸಣ್ಣ ಅಂಕಗಣಿತವನ್ನು ಓದುಗರು ಸಹಿಸಿಕೊಳ್ಳಬೇಕು. 22ರಿಂದ 17ಕ್ಕೆ ಇಳಿದರೆ ಮೈಲೇಜ್ ಕುಸಿದದ್ದು ಶೇ 23; ಆದರೆ ಪೆಟ್ರೋಲಿನ ಖರ್ಚು ಏರುವುದು ಶೇ 29. ಎರಡು ಋತುಗಳಲ್ಲಿ ಸಮ ದೂರ ಓಡಿದವನ ಸರಾಸರಿಯೂ 19.5 ಆಗುವುದಿಲ್ಲ, 19.2 ಆಗುತ್ತದೆ. ತಿಂಗಳಿಗೆ 500 ಕಿ.ಮೀ. ಓಡುವ ಪಿಂಚಣಿದಾರನಿಗೆ ಈ ಎರಡು ಋತುಗಳ ನಡುವೆ ತಿಂಗಳಿಗೆ ಆರೇಳು ಲೀಟರುಗಳ ಅಂತರ. ಮನೆಯೇನೂ ಮುಳುಗಿಹೋಗದು. ಆದರೆ ಹತ್ತು ವರ್ಷದಲ್ಲಿ ಪೆಟ್ರೋಲಿನಲ್ಲಿ ಉಳಿಸುತ್ತೇನೆ ಎಂಬ ಲೆಕ್ಕದ ಮೇಲೆ ಲಕ್ಷಗಳನ್ನು ಹೆಚ್ಚು ಕೊಟ್ಟು ಹೈಬ್ರಿಡ್ ಕೊಂಡವನಿಗೆ ಆ ಲೆಕ್ಕದ ತಳಪಾಯ ಯಾವುದೆಂದು ತಿಳಿಯುವ ಹಕ್ಕಿದೆ.

ತಳಪಾಯ ಇರುವುದು ಪ್ರಯೋಗಶಾಲೆಯಲ್ಲಿ. ಪುಣೆ, ಮಾನೇಸರಗಳ ಪರೀಕ್ಷಾ ಸಂಸ್ಥೆಗಳು ಪ್ರಮಾಣೀಕರಿಸುತ್ತ ಬಂದಿರುವ ಮೈಲೇಜ್, ಯುರೋಪಿನ ಹಳೆಯ ಮಾದರಿಯೊಂದನ್ನು ನಮ್ಮ ವೇಗಕ್ಕೆ ತಗ್ಗಿಸಿ ರೂಪಿಸಿದ ಭಾರತೀಯ ಚಾಲನಾ ಚಕ್ರವನ್ನು ಆಧರಿಸಿದುದು. ಉರುಳೆಗಳ ಮೇಲೆ ಸುಮಾರು ಇಪ್ಪತ್ತು ನಿಮಿಷದ ಓಟ, ಗರಿಷ್ಠ ವೇಗ 90 ಕಿ.ಮೀ., ಕೋಣೆಯ ಉಷ್ಣಾಂಶ 20ರಿಂದ 30 ಡಿಗ್ರಿ, ಏ.ಸಿ. ಬಂದ್. ಬೆಂಗಳೂರಿನ ಹಿತವಾದ ಬೆಳಗಿಗೆ ಹೇಳಿ ಮಾಡಿಸಿದ ಪರೀಕ್ಷೆ! ಇದರಲ್ಲಿ ಸುಳ್ಳೇನೂ ಇಲ್ಲ. ಕಾರಿಗೂ ಕಾರಿಗೂ ಹೋಲಿಸಲು ಇಂಥದೊಂದು ಅಳತೆಗೋಲು ಬೇಕು. ಆದರೆ ಹೋಲಿಕೆಗೆಂದು ಮಾಡಿದ ಅಂಕಿಯನ್ನು ಭರವಸೆಯಂತೆ ಮಾರಲಾಗುತ್ತಿದೆ, ನೀತಿಯಂತೆ ಬಳಸಲಾಗುತ್ತಿದೆ. 2022-23ರಿಂದ ಕಾರು ತಯಾರಕರು ಸರಾಸರಿ ಕಿ.ಮೀ.ಗೆ 113 ಗ್ರಾಂ ಇಂಗಾಲದ ಡೈ ಆಕ್ಸೈಡ್ ಮಿತಿಯನ್ನು ಪಾಲಿಸಬೇಕು. ಆ ಲೆಕ್ಕದ ಮೂಲವೂ ಪ್ರಯೋಗಶಾಲೆಯ ಇದೇ ಪರೀಕ್ಷೆ. 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. 2013ರಲ್ಲೇ ಹೈಬ್ರಿಡ್ ಕಾರಿನ ತಯಾರಿಕೆ ಆರಂಭವಾದ ಬಿಡದಿಯನ್ನು ಹೊಂದಿದ ನಮ್ಮ ರಾಜ್ಯದಲ್ಲೂ ಅಂಥ ರಿಯಾಯಿತಿಯ ಬೇಡಿಕೆ ಸಹಜ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ದರಗಳಲ್ಲಿ ಸಣ್ಣ ಹೈಬ್ರಿಡ್‌ಗೆ ಶೇ 18, ದೊಡ್ಡದಕ್ಕೆ ಶೇ 40, ವಿದ್ಯುತ್ ಕಾರಿಗೆ ಶೇ 5. ತೆರಿಗೆದಾರನ ಹಣ ಬಿಟ್ಟುಕೊಡುವಾಗ ಅಧಿಕಾರಿಯ ಮೇಜಿನ ಮೇಲೆ ಇರಬೇಕಾದುದು ರಸ್ತೆಯ ಅಂಕಿ.

ಇದು ಆಗದ ಕೆಲಸವೂ ಅಲ್ಲ. ಅಮೆರಿಕ 2008ರ ಮಾದರಿ ವರ್ಷದಿಂದ ತನ್ನ ಪದ್ಧತಿ ಬದಲಿಸಿ, ಮೈನಸ್ 7 ಡಿಗ್ರಿಯ ಚಳಿಯ ಓಟವನ್ನೂ 35 ಡಿಗ್ರಿಯಲ್ಲಿ ಏ.ಸಿ. ಹಾಕಿದ ಓಟವನ್ನೂ ಲೆಕ್ಕಕ್ಕೆ ಸೇರಿಸಿತು. ಮೈಲೇಜಿನ ಮೂರ್ತಿಯಂತಿದ್ದ ಟೊಯೊಟಾ ಪ್ರಿಯಸ್‌ನ ನಗರದ ಅಂಕಿ ಆಗ ಗ್ಯಾಲನ್‌ಗೆ 60 ಮೈಲಿಯಿಂದ 48ಕ್ಕೆ, ಹೆದ್ದಾರಿಯದು 51ರಿಂದ 45ಕ್ಕೆ ಇಳಿಯಿತು. ಕಾರು ಅದೇ, ಚೀಟಿ ಮಾತ್ರ ಬೇರೆ. ಅದರಿಂದ ಪ್ರಿಯಸ್ ಕೊಳ್ಳುವವರೇನೂ ಇಲ್ಲವಾಗಲಿಲ್ಲ. ನಮ್ಮಲ್ಲೂ ಏ.ಸಿ. ಹಾಕಿದಾಗಿನ ಮೈಲೇಜನ್ನು ಪ್ರಕಟಿಸುವ ಮಾತು ಕೇಳಿಬರುತ್ತಿದೆ, ಸ್ವಾಗತಾರ್ಹ. ಆದರೆ 25 ಡಿಗ್ರಿಯ ಕೋಣೆಯಲ್ಲಿ ಏ.ಸಿ. ಹಾಕಿ ಅಳೆದರೆ ಅದು ಕಲಬುರಗಿಯ ಏ.ಸಿ. ಆಗದು. 40 ಡಿಗ್ರಿಯ ಒಂದು ಅಂಕಿ, ಕಿರು ಪ್ರಯಾಣದ ಒಂದು ಅಂಕಿ, ಎರಡೂ ನೂರು ಕಿ.ಮೀ.ಗೆ ಇಷ್ಟು ಲೀಟರ್ ಎಂಬ ರೂಪದಲ್ಲಿ ಕಾರಿನ ಗಾಜಿನ ಮೇಲೆ ಇರಲಿ.

ಹೆಚ್ಚು ಕೇಳಿದೆನೆಂದು ಯಾರಾದರೂ ಹೇಳಿದರೆ ಅವರಿಗೆ ನಾನು ನಮ್ಮದೇ ರಾಜ್ಯ ಸರ್ಕಾರದ ಒಂದು ಆದೇಶವನ್ನು ತೋರಿಸುತ್ತೇನೆ. ಬೇಸಿಗೆ ಬಂತೆಂದರೆ ಏಪ್ರಿಲ್-ಮೇ ತಿಂಗಳುಗಳಿಗೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಆ ಆದೇಶದ ನೆರಳಿನಲ್ಲಿ ನಾನೂ ಎಷ್ಟೋ ಬೇಸಿಗೆಗಳನ್ನು ಕಳೆದಿದ್ದೇನೆ. ಬೆಂಗಳೂರಿನ ಗುಮಾಸ್ತನಿಗೂ ಕಲಬುರಗಿಯ ಗುಮಾಸ್ತನಿಗೂ ಬಿಸಿಲು ಒಂದೇ ಅಲ್ಲ ಎಂಬುದನ್ನು ಒಪ್ಪಿಕೊಂಡ ಆಡಳಿತ, ಅವರ ಕಾರುಗಳಿಗೂ ಅಷ್ಟನ್ನು ಒಪ್ಪಿಕೊಳ್ಳಲಿ.

ಉಪನ್ಯಾಸಕರು ಜೋಳದ ಚೀಲವನ್ನು ಕೆಳಗಿಳಿಸಿದರು. ಚಕ್ರದ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸುತ್ತಾರೆ, ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸುತ್ತಾರೆ. ಜೂನ್ ಮಳೆ ಬಿದ್ದ ಮೇಲೆ ಮೈಲೇಜ್ 20ಕ್ಕೆ ಬಂತೆಂದು ರಸೀದಿ ಹಿಡಿದು ತೋರಿಸಿ ಹೋದರು. ಅವರ ದೂರನ್ನು ನಾನು ಹರಿಯಲಿಲ್ಲ. ಮಾರಾಟಗಾರರ ಹೆಸರು ಹೊಡೆದುಹಾಕಿ, 'ಗೆ' ಎಂಬುದರ ಮುಂದೆ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಕಾರ್ಯದರ್ಶಿಯವರ ವಿಳಾಸ ಬರೆದು, ಆರು ತಿಂಗಳ ರಸೀದಿಗಳ ನಕಲು ಲಗತ್ತಿಸಿ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇವೆ.