ಮೆಣಸಿನ ಸಿಹಿತಿಂಡಿ, ವಾಲಿದ ಗೋಪುರ

ಪರವೂರಿಗೆ ಪ್ರವಾಸ ಹೋದಾಗ ನಾವು ತಪ್ಪದೆ ಮಾಡುವ ಕೆಲಸ ಎರಡು. ಹೆಸರಾಂತ ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು. ಅಲ್ಲಿಯ ತಿಂಡಿಯನ್ನು ಪೊಟ್ಟಣ ಕಟ್ಟಿಸಿಕೊಳ್ಳುವುದು. ಪೋಲೆಂಡಿನ ತೋರುನ್ ನಗರಕ್ಕೆ ಹೋದವರು ಇಷ್ಟಕ್ಕೇ ನಿಲ್ಲಿಸಿದರೆ ನಷ್ಟ ಅವರದೇ. ಅಲ್ಲಿಯ ತಿಂಡಿಯೂ ಕಟ್ಟಡವೂ ‘ಹೀಗೇಕೆ?’ ಎಂದು ಕೇಳುತ್ತವೆ.

ರಾಜಧಾನಿ ವಾರ್ಸಾದಿಂದ ವಾಯುವ್ಯಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ವಿಸ್ಟುಲಾ ನದಿಯ ದಡದಲ್ಲಿದೆ ಈ ಊರು. ಇಟ್ಟಿಗೆಯ ಹಳೆಯ ಕಟ್ಟಡಗಳು ಇಂದಿಗೂ ಉಳಿದಿರುವ ಇದರ ಹಳೇ ಪೇಟೆಯನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿದ್ಯಾರ್ಥಿಗಳಿಗೆ ಇನ್ನೊಂದು ಗುರುತು ಹೇಳಿದರೆ ಸಾಕು: ಖಗೋಳ ವಿಜ್ಞಾನಿ ಕೊಪರ್ನಿಕಸ್ 1473ರ ಫೆಬ್ರುವರಿ 19ರಂದು ಹುಟ್ಟಿದ್ದು ಇಲ್ಲೇ.

ತೋರುನ್‌ನ ತಿಂಡಿಯ ಹೆಸರು ‘ಪಿಯೆರ್ನಿಕ್’. ಜೇನುತುಪ್ಪ, ಹಿಟ್ಟು, ಚಕ್ಕೆ, ಲವಂಗ, ಶುಂಠಿ ಬೆರೆಸಿ, ಕೆತ್ತನೆಯ ಮರದ ಅಚ್ಚಿನಲ್ಲಿ ಒತ್ತಿ ಬೇಯಿಸಿದ ಕಂದು ಬಣ್ಣದ ಬಿಸ್ಕತ್ತು. ‘ಖಾರವಾದ, ಮೆಣಸಿನ’ ಎಂಬರ್ಥದ ಹಳೆಯ ಪೋಲಿಷ್ ಪದದಿಂದ ಈ ಹೆಸರು ಬಂದಿದೆ. ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಬಳ್ಳಿ ಬೆಳೆಯದ ಚಳಿಯ ನಾಡಿನ ತಿಂಡಿಗೆ ಮೆಣಸಿನ ಹೆಸರು ಹೇಗೆ ಬಂತು? ತೋರುನ್ ನದಿಯ ಮೂಲಕ ಬಾಲ್ಟಿಕ್ ಸಮುದ್ರದವರೆಗೆ ವ್ಯಾಪಾರ ನಡೆಸುತ್ತಿದ್ದ ಊರು. ದೂರದೇಶದ ಮಸಾಲೆ ವರ್ತಕರ ಕೈಯಿಂದ ಕೈಗೆ ದಾಟಿ ಅಲ್ಲಿಗೆ ತಲುಪುತ್ತಿತ್ತು. ಅಲ್ಲಿಯ ಪಿಯೆರ್ನಿಕ್ ತಯಾರಕನೊಬ್ಬನ ಹೆಸರು 1380ರಷ್ಟು ಹಿಂದಿನ ದಾಖಲೆಯಲ್ಲೇ ಸಿಗುತ್ತದೆ.

ಇದನ್ನು ಕಾಗದದಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೇನಿನಲ್ಲಿ ಸಕ್ಕರೆ ಹೆಚ್ಚು, ನೀರು ಕಡಿಮೆ. ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬೇಕಾದ ನೀರು ಅಲ್ಲಿ ಸಿಗದು. ಇನ್ನೊಂದು ಸೋಜಿಗ: ಬೇಯಿಸಿದಾಗ ಗಟ್ಟಿಯಾಗಿದ್ದ ಪಿಯೆರ್ನಿಕ್ ದಿನ ಕಳೆದಂತೆ ಮೆತ್ತಗಾಗುತ್ತದೆ. ಜೇನು ಗಾಳಿಯ ತೇವವನ್ನು ಹೀರುವುದೇ ಕಾರಣ. ಮಳೆಗಾಲದಲ್ಲಿ ತೆರೆದಿಟ್ಟ ಬೆಲ್ಲ ಜಿನುಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006ರಲ್ಲಿ ಆರಂಭವಾದ ‘ಜೀವಂತ ಪಿಯೆರ್ನಿಕ್ ಮ್ಯೂಸಿಯಂ’ನಲ್ಲಿ ಮಕ್ಕಳೇ ಹಿಟ್ಟು ನಾದಿ, ಅಚ್ಚೊತ್ತಿ ನೋಡಬಹುದು.

ಊಟಕ್ಕೇನು ಎಂದು ತಾಯಂದಿರು ಕೇಳಬಹುದು. ಪೋಲೆಂಡಿನ ಊರುಗಳಲ್ಲಿ ‘ಹಾಲಿನ ಬಾರ್’ ಎಂಬ ಅಗ್ಗದ ಊಟದ ಮನೆಗಳಿವೆ, ಹೆಸರಿಗೆ ಬೆದರಬೇಕಿಲ್ಲ. ಅಲ್ಲಿ ಸಿಗುವ ‘ಪಿಯೆರೊಗಿ’ ನಮ್ಮ ಕಡುಬಿನ ದೂರದ ನೆಂಟ. ಆಲೂಗಡ್ಡೆ ಮತ್ತು ಗಿಣ್ಣಿನಂಥ ಚೀಸ್ ತುಂಬಿದ್ದೂ ಉಂಟು. ಮೇಲೆ ಹಂದಿಕೊಬ್ಬಿನ ಚೂರು ಉದುರಿಸುವ ರೂಢಿಯಿರುವುದರಿಂದ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ರೈ ಹಿಟ್ಟನ್ನು ಹುಳಿ ಬರಿಸಿ ಮಾಡುವ ‘ಝುರೆಕ್’ ಸಾರಿನಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ.

ಇನ್ನು ಗೋಪುರ. ಊರಿನ ಹಳೆಯ ಕೋಟೆಗೋಡೆಯ ಗೋಪುರವೊಂದು, ಕೆಳಗಿನ ನೆಲ ಕುಸಿದು, ತುದಿಯಲ್ಲಿ ಸುಮಾರು ಒಂದೂವರೆ ಮೀಟರಿನಷ್ಟು ವಾಲಿ ನಿಂತಿದೆ. ವಾಲಿದ ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ, ಕೈಗಳನ್ನು ಮುಂದೆ ಚಾಚಿ ನಿಲ್ಲಬೇಕು. ಪಾಪ ಮಾಡದವರು ಮಾತ್ರ ಬೀಳುವುದಿಲ್ಲವೆಂಬುದು ಅಲ್ಲಿಯ ನಂಬಿಕೆ. ಬಂದವರಲ್ಲಿ ಹೆಚ್ಚಿನವರು ಮುಗ್ಗರಿಸುತ್ತಾರೆ! ಗೋಡೆ ಮೈಯನ್ನು ಮುಂದಕ್ಕೆ ಒತ್ತುತ್ತದೆ, ಚಾಚಿದ ಕೈಗಳ ತೂಕವೂ ಸೇರುತ್ತದೆ. ಗುರುತ್ವಕೇಂದ್ರದಿಂದ ಇಳಿಸಿದ ಲಂಬರೇಖೆ ಕಾಲ್ಬೆರಳನ್ನು ದಾಟಿದರೆ ಸಾಧುವೂ ಬೀಳುತ್ತಾನೆ.

ಇದಕ್ಕೆ ಪೋಲೆಂಡಿಗೇ ಹೋಗಬೇಕಿಲ್ಲ. ಮನೆಯ ನೆಟ್ಟನೆಯ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಲ್ಲಿ. ಮಂಡಿ ಮಡಿಸದೆ, ಹಿಮ್ಮಡಿ ಕದಲಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು ಯತ್ನಿಸಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಲಿ. ಬಯಲಿನಲ್ಲಿ ಬಗ್ಗಿದಾಗ ಸೊಂಟ ತಾನಾಗಿ ಹಿಂದೆ ಸರಿದು ತೂಕ ಸರಿದೂಗಿಸುತ್ತದೆ. ಗೋಡೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಊರಿನ ಪುರಭವನದ ಮುಂದೆ 1853ರಲ್ಲಿ ನಿಲ್ಲಿಸಿದ ಕೊಪರ್ನಿಕಸನ ಪ್ರತಿಮೆಯಿದೆ. ಅವನ ಕುಟುಂಬದ್ದೆಂದು ಹೇಳುವ ಮನೆ ಈಗ ಮ್ಯೂಸಿಯಂ. ಹಳೆಯ ಅನಿಲ ಸಂಗ್ರಹಾಗಾರವೊಂದು 1994ರಲ್ಲಿ ತಾರಾಲಯವಾಯಿತು. ಸೂರ್ಯ ಸುತ್ತುತ್ತಾನೆಂದು ಎಲ್ಲರ ಕಣ್ಣೂ ಹೇಳುತ್ತಿದ್ದಾಗ, ಸುತ್ತುವುದು ಭೂಮಿ ಎಂದು 1543ರ ತನ್ನ ಗ್ರಂಥದಲ್ಲಿ ಲೆಕ್ಕ ಹಾಕಿ ತೋರಿಸಿದವನು ಅವನು.

ತಂದೆತಾಯಿಯರಲ್ಲಿ ಒಂದು ಮಾತು. ಗೋಪುರದ ಬುಡದಲ್ಲಿ ಮಗು ಮುಗ್ಗರಿಸಿದಾಗ ‘ಏನೋ ತಪ್ಪು ಮಾಡಿದ್ದೀಯ’ ಎಂದು ನಗುವುದು ಸುಲಭ. ನಮಗದು ತಮಾಷೆ, ಪುಟ್ಟ ಮಗು ನಿಜವೆಂದೇ ನಂಬಿ ಕೊರಗಬಹುದು. ಅದರ ಬದಲು ನೀವೂ ಗೋಡೆಗೆ ಬೆನ್ನುಕೊಟ್ಟು ನಿಂತು, ಅದರ ಕಣ್ಣೆದುರಿಗೇ ಮುಗ್ಗರಿಸಿ. ಆಮೇಲೆ ಇಬ್ಬರೂ ಕೂತು ಕಾರಣ ಹುಡುಕಿ.