ಮಾರಿಕುಪ್ಪಂವರೆಗೆ ನಾಲ್ಕು ಟಿಕೆಟ್

ಜರ್ಮನಿಯಲ್ಲಿ ಓದುತ್ತಿರುವ ಅಣ್ಣನಿಂದ ಶನಿವಾರ ರಾತ್ರಿ ಫೋಟೊಗಳು ಬಂದವು. ಗೆಳೆಯರ ಜೊತೆ ರೈಲು ಹತ್ತಿ ಪೋಲೆಂಡಿನ ಕ್ರಾಕೋವ್ ನಗರಕ್ಕೆ ಹೋಗಿದ್ದನಂತೆ. ಅರಮನೆ, ಇಗರ್ಜಿ, ಹಳೆಯ ಪೇಟೆಯ ಚೌಕ; ಕೊನೆಗೆ ಊರ ಪಕ್ಕದ ವಿಯೆಲಿಚ್ಕಾ ಉಪ್ಪಿನ ಗಣಿ. ಬೆಂಗಳೂರಿನ ಹಾಸ್ಟೆಲಿನಲ್ಲಿ ತಂಗಿ ಅವನ್ನೆಲ್ಲ ತನ್ನ ಮೂವರು ಗೆಳತಿಯರಿಗೆ ತೋರಿಸಿದಳು. ಎಲ್ಲರೂ ಬಿ.ಎಸ್ಸಿ. ಕೊನೆಯ ವರ್ಷದವರು.

"ನಮ್ಮ ಹಣೆಯಲ್ಲಿ ಇಂಥ ಭಾನುವಾರ ಎಲ್ಲಿ ಬರೆದಿದೆ?" ಎಂದು ಒಬ್ಬಳು ನಿಟ್ಟುಸಿರು ಬಿಟ್ಟಳು.

"ನಮ್ಮೂರಲ್ಲೂ ಗಣಿ ಇದೆ," ಎಂದಳು ಮೂಲೆಯಲ್ಲಿ ಕುಳಿತವಳು.

ಎರಡು ವರ್ಷ ಜೊತೆಗಿದ್ದರೂ ಅವಳ ಊರು ಯಾವುದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದರೆ "ಬಂಗಾರಪೇಟೆ ಕಡೆ" ಎಂದು ತೇಲಿಸಿಬಿಡುತ್ತಿದ್ದಳು. ಕೆಜಿಎಫ್ ಎಂದರೆ ಸಾಕು, 2018ರ ಸಿನಿಮಾದ ಮಾತು ಶುರುವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಣಿ ಕಾರ್ಮಿಕರಿಗಾಗಿ ಕಟ್ಟಿದ ಲೈನ್ ಮನೆಗೆ ಗೆಳತಿಯರನ್ನು ಕರೆಯುವುದು ಹೇಗೆ ಎಂಬ ಸಂಕೋಚ. ಅಮ್ಮನಿಗೂ ಅದೇ ಚಿಂತೆ. "ಕರ್ಕೊಂಡು ಬಾರಮ್ಮ, ಊಟಕ್ಕೇನೂ ತೊಂದ್ರೆ ಇಲ್ಲ. ಎಲ್ಲರನ್ನೂ ಎಲ್ಲಿ ಕೂರಿಸ್ತೀಯ?" ಎಂದು ಫೋನಿನಲ್ಲಿ ಕೇಳಿದರು.

ಮುಂದಿನ ಭಾನುವಾರ ಬೆಳಿಗ್ಗೆ ನಾಲ್ವರೂ ರೈಲು ಹತ್ತಿದರು. ವಾರದ ದಿನಗಳಲ್ಲಾದರೆ ಕೆಜಿಎಫ್‌ನಿಂದ ಬೆಂಗಳೂರಿಗೆ ಬರುವ ಗಾಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಬರುವವರ ದಂಡು ಅದು. ಈ ಹುಡುಗಿಯ ಅಪ್ಪನೂ ಅವರಲ್ಲೊಬ್ಬರು. ರಜೆಯ ದಿನ ಎದುರು ದಿಕ್ಕಿನ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ವೈಟ್‌ಫೀಲ್ಡ್ ದಾಟಿ, ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿ ದಾಟಿ, ಟೇಕಲ್ಲಿನ ಬಂಡೆಗುಡ್ಡಗಳನ್ನು ನೋಡುತ್ತ ಸುಮಾರು 70 ಕಿ.ಮೀ. ಸಾಗಿದರೆ ಬಂಗಾರಪೇಟೆ. ಹೆಸರಿನಲ್ಲಿ ಬಂಗಾರವಿದ್ದರೂ ಅದು ಮೊದಲು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಜನರ ಬಾಯಲ್ಲಿ ಬಂಗಾರವಾಯಿತು!

ಅಲ್ಲಿಂದ ಮುಂದಿನದು 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ ಕವಲುದಾರಿ. ಬರೇ 16 ಕಿ.ಮೀ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ನಿಲ್ದಾಣದ ಫಲಕಗಳನ್ನು ಓದುತ್ತ ಹೋದರೆ ಗಣಿಗಳ ಹಾಜರಿ ಪುಸ್ತಕ ಓದಿದಂತೆಯೇ.

ಇಲ್ಲಿ ಚಿನ್ನವಿರುವ ಸಂಗತಿಯನ್ನು 1802ರಲ್ಲಿ ಜಾನ್ ವಾರೆನ್ ಎಂಬ ಸೇನಾಧಿಕಾರಿ ಪರೀಕ್ಷಿಸಿ ವರದಿ ಮಾಡಿದ್ದ. ಹಳ್ಳಿಗರಿಗೆ ಅದು ಹೊಸ ಸುದ್ದಿಯೇನಲ್ಲ. ಅವರು ಅದಕ್ಕೂ ಮೊದಲಿನಿಂದ ಮಣ್ಣು ತೊಳೆದು ಚಿನ್ನದ ಕಣ ಆಯುತ್ತಿದ್ದರು. ಆ ವರದಿ ಓದಿ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಹೊರಟವನು ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಅವನಿಗೆ ಹಣ ಸಾಲಲಿಲ್ಲ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ ಆಳಕ್ಕಿಳಿದು ಚಿನ್ನ ತೆಗೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿ.ಮೀ. ತಂತಿಯ ಮೇಲೆ ಇಲ್ಲಿಗೆ ಬಂತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಗುಂಪಿನಲ್ಲಿದ್ದ ಬಸವನಗುಡಿಯ ಹುಡುಗಿ ಇದನ್ನು ನಂಬಲೇ ಇಲ್ಲ. ಫೋನಿನಲ್ಲಿ ಹುಡುಕಿ ನೋಡಿ ಸುಮ್ಮನಾದಳು.

ಮನೆಯಲ್ಲಿ ಕೂರಿಸುವ ಸಮಸ್ಯೆ ಬರಲೇ ಇಲ್ಲ. ತಾತ ಬಾಗಿಲ ಮುಂದಿನ ಬೇವಿನ ನೆರಳಿನಲ್ಲಿ ಚಾಪೆ ಹಾಸಿಟ್ಟಿದ್ದರು. ಎಂಬತ್ತು ದಾಟಿದ ಜೀವ. ಎರಡು ಮಾತಿಗೊಮ್ಮೆ ಕೆಮ್ಮು. ಬಂಡೆ ಕೊರೆಯುವಾಗ ಏಳುವ ಸಣ್ಣ ದೂಳು ಶ್ವಾಸಕೋಶ ಸೇರಿದರೆ ಮತ್ತೆ ಹೊರಬರುವುದಿಲ್ಲ. ಸಿಲಿಕೋಸಿಸ್ ಎಂಬ ಆ ಕಾಯಿಲೆ ಅನೇಕ ಗಣಿ ಕಾರ್ಮಿಕರನ್ನು ಕೆಲಸ ಬಿಟ್ಟ ಮೇಲೂ ಬಿಡಲಿಲ್ಲ.

ಅಣ್ಣನ ಫೋಟೊಗಳನ್ನು ತಾತನಿಗೂ ತೋರಿಸಲಾಯಿತು. ಟಿಕೆಟ್ ಕೊಂಡು, ಸಾಲುಗಟ್ಟಿ ಗಣಿಗಿಳಿಯುವ ಜನರನ್ನು ಅವರು ಬಹಳ ಹೊತ್ತು ನೋಡಿದರು.

"ದುಡ್ಡು ಕೊಟ್ಟು ಇಳೀತಾರಾ? ನಮಗೆ ಇಳಿಯೋದಕ್ಕೇ ದುಡ್ಡು ಕೊಡ್ತಿದ್ರು. ಎಷ್ಟು ಆಳ?"

"ಪ್ರವಾಸಿಗಳನ್ನ 135 ಮೀಟರ್ ತನಕ ಕರ್ಕೊಂಡು ಹೋಗ್ತಾರಂತೆ ತಾತ."

ತಾತ ನಕ್ಕರು. ಚಾಂಪಿಯನ್ ರೀಫ್ ಗಣಿ ಇಳಿದದ್ದು ಮೂರು ಕಿಲೋಮೀಟರಿಗೂ ಹೆಚ್ಚು. ಆ ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದೂ ಇತ್ತು. "ಸದ್ದು ಕೇಳಿದ್ರೆ ನಾವು ಬದುಕಿದ್ದೀವಿ ಅಂತ ಅರ್ಥ," ಎಂದರು. ಕೆಳಗಿದ್ದವರ ಹೆಂಡಿರು ಮಕ್ಕಳು ಮನೆಯ ನೆಲ ನಡುಗಿದೊಡನೆ ಗಣಿಬಾಯಿಯತ್ತ ಓಡುತ್ತಿದ್ದರಂತೆ. ಅಮ್ಮ ಅಡುಗೆಮನೆಯ ಬಾಗಿಲಿನಿಂದಲೇ, "ನಾನೂ ಓಡಿದ್ದೀನಿ," ಎಂದರು. ಮಗಳಿಗೇ ಅದು ಗೊತ್ತಿರಲಿಲ್ಲ.

ಆಮೇಲಿನ ಮಾತಿಗೆ ಭೌತವಿಜ್ಞಾನದ ಹುಡುಗಿ ಚಾಪೆಯಿಂದ ಎದ್ದೇಬಿಟ್ಟಳು. ಬೊಂಬಾಯಿಯ ವಿಜ್ಞಾನಿಗಳು ತಮ್ಮಂತೆಯೇ ತಲೆಗೆ ದೀಪ ಕಟ್ಟಿಕೊಂಡು ಕೇಜಿನಲ್ಲಿ ಇಳಿಯುತ್ತಿದ್ದರು, "ಏನೋ ಕಣ ಹುಡುಕ್ತೀವಿ ಅಂತಿದ್ರು, ಚಿನ್ನದ ಕಣ ಅಲ್ಲ," ಎಂದು ತಾತ ನೆನಪಿಸಿಕೊಂಡಿದ್ದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೊಡನೆ ನಡೆಸಿದ ನ್ಯೂಟ್ರಿನೊ ಪ್ರಯೋಗ. ಆಕಾಶದಿಂದ ಸುರಿಯುವ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುತ್ತದೆ, ನ್ಯೂಟ್ರಿನೊವನ್ನು ತಡೆಯಲಾರದು. ಹಾಗಾಗಿ ಅದನ್ನು ಗುರುತಿಸಲು 2.3 ಕಿ.ಮೀ. ಆಳದ ಕತ್ತಲೆ ಬೇಕಾಯಿತು. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಜಗತ್ತಿಗೆ ಮೊದಲು ಸಿಕ್ಕಿದ್ದು ಎರಡು ಕಡೆ: ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿ, ಮತ್ತೊಂದು ಇದು. ಜಿನೀವಾಕ್ಕೆ ಹೋಗಿ ಕಣವಿಜ್ಞಾನ ಓದಬೇಕೆಂದಿದ್ದ ಹುಡುಗಿಗೆ ಪಠ್ಯಪುಸ್ತಕದ ಒಂದು ಸಾಲು ಬೇವಿನ ಮರದಡಿ ಕುಳಿತು ಕೆಮ್ಮುತ್ತಿತ್ತು.

"ಆ ಜಾಗ ನೋಡಬಹುದಾ ತಾತ?"

ಆಗುವುದಿಲ್ಲ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲದಲ್ಲಿ, ಒಂದು ಗ್ರಾಂ ತೆಗೆಯುವ ಖರ್ಚು ಅದರ ಬೆಲೆಯನ್ನೂ ಮೀರಿತ್ತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಇಲ್ಲಿಗೆ ಗಣಿ ಪರಿಣತರನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲಿನ ಹಳೆಯ ಗಣಿಪ್ರದೇಶ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅವರ ಜೊತೆಯಲ್ಲೇ ಕೆಳಗಿಳಿದವರ ಊರಿಗೆ ಉಳಿದದ್ದು ಬೆಳಗಿನ ಜಾವದ ರೈಲು.

ಮಧ್ಯಾಹ್ನ ನಾಲ್ವರೂ ರಸ್ತೆಯಲ್ಲೇ ನಿಂತು ಗಣಿಬಾಯಿಯ ಕಬ್ಬಿಣದ ಗೋಪುರವನ್ನೂ ಅದರ ನೆತ್ತಿಯ ಚಕ್ರವನ್ನೂ ನೋಡಿದರು. ಬೇಲಿ ದಾಟಲಿಲ್ಲ. ಹಳೆಯ ಗಣಿಬಾವಿಗಳ ಹತ್ತಿರ ಸುಳಿಯುವುದೂ, ಗಾಳಿಯ ದಿನ ಸೈನೈಡ್ ಗುಡ್ಡ ಹತ್ತಿ ಫೋಟೊ ತೆಗೆಯುವುದೂ ಸಾಹಸವಲ್ಲ, ತಿಳಿಗೇಡಿತನ. ಮಕ್ಕಳನ್ನು ಕಳಿಸುವ ತಂದೆತಾಯಿಯರು ಇಷ್ಟನ್ನು ಹೇಳಿಯೇ ಕಳಿಸಬೇಕು. ಸ್ಥಳೀಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಸಂಜೆ ಬಂಗಾರಪೇಟೆಯಲ್ಲಿ ಇಳಿದು ಅಲ್ಲಿನ ಹೆಸರಾದ ಪಾನಿಪುರಿ ತಿಂದರು. ಪಾನಿ ಬಣ್ಣವಿಲ್ಲದ ತಿಳಿನೀರು. ಖಾರ ಮಾತ್ರ ನೆತ್ತಿಗೇರುವಂಥದ್ದು. ಮೂಗು ಒರೆಸಿಕೊಳ್ಳುತ್ತಲೇ ಭೌತವಿಜ್ಞಾನದ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆಯುತ್ತಿದ್ದಳು. ಕೇಜಿನಲ್ಲಿ ಇಳಿಯಲು ಎಷ್ಟು ಹೊತ್ತು? ಆ ವಿಜ್ಞಾನಿಗಳು ಊಟ ಎಲ್ಲಿ ಮಾಡುತ್ತಿದ್ದರು? ಜೊತೆಗೆ ಕೆಲಸ ಮಾಡಿದವರು ಇನ್ನೂ ಯಾರಿದ್ದಾರೆ?

ಅಷ್ಟರಲ್ಲಿ ಮನೆಯಿಂದ ಅಮ್ಮನ ಫೋನ್ ಬಂತು. ಮುಂದಿನ ಸಲ ಬರುವುದಾದರೆ ಬೆಳಗಿನ ಗಾಡಿಗೇ ಬರಬೇಕಂತೆ. ಸಂಜೆಯಾದರೆ ಕೆಮ್ಮು ಹೆಚ್ಚಾಗುತ್ತದೆ, ಮಾತಾಡಲು ಆಗುವುದಿಲ್ಲ ಎಂದು ತಾತ ಹೇಳಿಸಿದ್ದರು.